ಪರೀಕ್ಷೆಗೆ ಮೊದಲೇ ಸುಟ್ಟ ರೇಡಾರ್

ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದಾಗ ಭದ್ರತಾ ಅಧಿಕಾರಿಯ ಮುಖಕ್ಕೆ ಹೊಗೆ ರಾಚಿತು. ಹೊಸ ರೇಡಾರ್ ಸುಟ್ಟು ಕರಕಲಾಗಿತ್ತು. ಬೆಂಕಿ ಆರಿಸಲು ಚಾವಣಿಯಿಂದ ಸುರಿದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಮರುದಿನವೇ ಸೇನೆಯವರೆದುರು ಅದರ ಪರೀಕ್ಷೆ.

ಪಕ್ಕದ ಪುಟ್ಟ ಯಂತ್ರಕ್ಕೆ ಮಾತ್ರ ಏನೂ ಆಗಿರಲಿಲ್ಲ. ಯಾರೋ ಟಾರ್ಪಾಲು ಹೊದಿಸಿದ್ದರು.

ಅಧಿಕಾರಿಗೆ ಅಷ್ಟೇ ಸಾಕಾಯಿತು. ವಿಮಾನದ ಸದ್ದು ಹಿಡಿಯುವ ಆ ಯಂತ್ರ ಕಿರಿಯ ವಿಜ್ಞಾನಿಯದು. ವಾಯುರಕ್ಷಣೆಯ ಸಂಶೋಧನೆಗೆ ಬಂದ ಅನುದಾನ ಒಂದು ಯಂತ್ರಕ್ಕಷ್ಟೇ ಸಾಲುವಂತಿತ್ತು. ಪ್ರಯೋಗಾಲಯದ ಮುಖ್ಯಸ್ಥೆ ಅದನ್ನು ತಮ್ಮ ರೇಡಾರಿಗೆ ಇಟ್ಟುಕೊಂಡು, ತಮ್ಮ ಶಿಷ್ಯನೇ ಆದ ಅವನನ್ನು ಬರಿಗೈಲಿ ಕಳಿಸಿದ್ದರು.

"ಹೊಟ್ಟೆಕಿಚ್ಚಿಗೆ ಬೆಂಕಿ ಇಟ್ಟೆ ಅಲ್ವೇನೋ, ಕಳ್ಳ?" ಅಧಿಕಾರಿ ಕಿರಿಯ ವಿಜ್ಞಾನಿಯನ್ನು ಎಲ್ಲರೆದುರೇ ಗದರಿದ.

"ಇಲ್ಲ ಸಾರ್."

"ಮತ್ತೆ ನಿಂದೊಂದೇ ಹೇಗೆ ಉಳೀತು?"

ಉತ್ತರಕ್ಕೂ ಕಾಯದೆ ಅಧಿಕಾರಿ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕಾವಲು ಕೋಣೆಗೆ ತಳ್ಳಿದ.

*

ಅಧಿಕಾರಿ ಬೀಗ ಹಾಕುವಾಗ ಒಳಗಿನಿಂದ ದನಿ ಬಂತು. "ಸಾರ್, ಆ ಟಾರ್ಪಾಲು ತೆಗೀರಿ. ಯಂತ್ರ ಓಡ್ತಿದೆ. ರಾತ್ರಿಯಿಡೀ ಓಡಲಿ ಅಂತ ಬಿಟ್ಟಿದ್ದೆ. ಗಾಳಿ ಆಡದಿದ್ರೆ ಒಳಗೆಲ್ಲ ಕರಗಿಹೋಗುತ್ತೆ!"

ಅಧಿಕಾರಿ ಓಡಿದ. ಟಾರ್ಪಾಲಿನಡಿ ಯಂತ್ರ ಕಾದ ಹೆಂಚಾಗಿತ್ತು. ಟಾರ್ಪಾಲನ್ನು ಕಿತ್ತೆಳೆದಾಗ ಅದರ ಅಂಚಿನಲ್ಲಿ ಮುಖ್ಯಸ್ಥೆಯ ಬೀರುವಿನ ಸಂಖ್ಯೆ ಕಂಡಿತು.

*

"ಮೇಡಂ, ಟಾರ್ಪಾಲು ನಿಮ್ಮ ಬೀರುವಿಂದು. ಬೀಗದ ಕೈ ಇರೋದು ನಿಮ್ಮೊಬ್ಬರ ಹತ್ರ."

ಮುಖ್ಯಸ್ಥೆ ತಮ್ಮ ಕೋಣೆಯ ಕಿಟಕಿಯಿಂದ ತಿರುಗಲಿಲ್ಲ. "ಅವನೇ ಕದ್ದಿರಬಹುದು."

"ಬೀಗ ಮುರಿದಿಲ್ಲ. ಅವನಾಗಿದ್ರೆ ಓಡ್ತಿರೋ ಯಂತ್ರಕ್ಕೆ ಉಸಿರು ಕಟ್ಟೋ ಹಾಗೆ ಮುಚ್ತಿರಲಿಲ್ಲ. ಮುಚ್ಚಿದವರಿಗೆ ಅದು ಓಡ್ತಿರೋದು ಗೊತ್ತಿರಲಿಲ್ಲ. ನೀರು ಬೀಳುತ್ತೆ ಅಂತ ಗೊತ್ತಿತ್ತು. ಅವನ ಯಂತ್ರ ಉಳೀಲಿ ಅಂತ ಮನಸ್ಸಿತ್ತು."

ಅವರು ಕುರ್ಚಿಗೆ ಕುಸಿದರು.

"ನನ್ನ ರೇಡಾರಿಗೆ ತೀರಾ ಕೆಳಗೆ ಹಾರಿ ಬರೋ ವಿಮಾನ ಕಾಣಲ್ಲ. ಅವನು ಮೊದಲೇ ಹೇಳಿದ್ದ. ನಿನಗೇನು ಗೊತ್ತು ಅಂತ ಬಾಯಿ ಮುಚ್ಚಿಸಿದೆ. ನಿಜ ಗೊತ್ತಾಗೋ ಹೊತ್ತಿಗೆ ಅನುದಾನದಲ್ಲಿ ಮುಕ್ಕಾಲು ಪಾಲು ಅದಕ್ಕೇ ಸುರಿದಿದ್ದೆ."

"ಒಪ್ಪಿಕೊಳ್ಳಬಹುದಿತ್ತಲ್ಲ?"

"ಮರ್ಯಾದೆ ಅಡ್ಡ ಬಂತು. ಆಕಸ್ಮಿಕ ಬೆಂಕಿ ಅಂದ್ರೆ ಉಳಿದ ಹಣ ಅವನಿಗೇ ಹೋಗುತ್ತೆ ಅಂದ್ಕೊಂಡೆ. ಬೆಳಿಗ್ಗೆ ಟಾರ್ಪಾಲು ತೆಗೆಯೋಕೆ ಬಂದೆ, ನೀವಾಗಲೇ ಬಂದಿದ್ರಿ. ಅವನನ್ನ ಎಳ್ಕೊಂಡು ಹೋಗುವಾಗ ಇಲ್ಲೇ ನಿಂತು ನೋಡ್ತಿದ್ದೆ. ಆಗಲೂ ಬಾಯಿ ಬರಲಿಲ್ಲ."

ಅಧಿಕಾರಿ ತಲೆ ತಗ್ಗಿಸಿದ. ಎಳೆದವನು ತಾನೇ.

*

ಕಾವಲು ಕೋಣೆಯ ಬಾಗಿಲು ತೆರೆಯಿತು. ಕಿರಿಯ ವಿಜ್ಞಾನಿ ಎದ್ದು ನಿಂತ.

"ತಪ್ಪಾಯ್ತಪ್ಪ. ಎಲ್ಲರೆದುರು ಕಳ್ಳ ಅಂದುಬಿಟ್ಟೆ," ಅಧಿಕಾರಿಯ ದನಿ ಉಡುಗಿತ್ತು.

"ಯಂತ್ರ ಉಳೀತಾ ಸಾರ್?"

"ಉಳೀತು."

ಹಿಂದೆ ನಿಂತಿದ್ದ ಮುಖ್ಯಸ್ಥೆ ಮುಂದೆ ಬಂದರು. "ಬೆಂಕಿ ಇಟ್ಟವಳು ನಾನು. ನೀನು ಹೇಳಿದ್ದೇ ಸರಿ ಇತ್ತು ಕಣೋ."

ಅವನ ಕಣ್ಣು ತುಂಬಿ ಬಂತು.

"ಇಷ್ಟನ್ನ ನಿನ್ನೆ ಹೇಳಿದ್ರೆ ಸಾಕಿತ್ತಲ್ಲ, ಮೇಡಂ."