ತಾನೇ ದುಡಿಯುವ ಕೋಠಿ

ಕಡಲಿಗೆ ಇನ್ನೂ ಉಪ್ಪು ಸರಿಯಾಗಿ ಹಿಡಿದಿರದ ಕಾಲದಲ್ಲಿ ಮರಳಕೋಟೆ ಎಂಬ ರಾಜ್ಯವಿತ್ತು. ಅಲ್ಲಿಯವರು ಕಾಡು ಕಡಿದು ಮುಗಿಸಿದ್ದರು, ಗಣಿ ತೋಡಿ ಮುಗಿಸಿದ್ದರು, ಹೊಲ ಉತ್ತು ಉತ್ತು ಬೇಸತ್ತಿದ್ದರು. ಆಗ ತಾಮ್ರಜಟನೆಂಬ ಮಂತ್ರವಾದಿ ಹಡಗಿನಲ್ಲಿ ಬಂದು ರಾಜ ಜಯಕೇಸರಿಗೆ ಒಂದು ಕೋಠಿ, ಅಂದರೆ ತಾನೇ ದುಡಿಯುವ ಉಗ್ರಾಣ, ಕಟ್ಟಿಕೊಡುತ್ತೇನೆಂದ. ಅದರ ಮೂರು ಬಾಗಿಲುಗಳಿಂದ ದವಸ, ಮರ, ಚಿನ್ನ ತಾವಾಗಿ ಬಂದು ಬೀಳುತ್ತವೆ, ಯಾರೂ ಕೈ ಕೊಳೆ ಮಾಡಿಕೊಳ್ಳಬೇಕಿಲ್ಲ.

ಮಂತ್ರವಾದಿ ಏನನ್ನೂ ಮುಚ್ಚಿಡಲಿಲ್ಲ, ಅಷ್ಟು ಒಪ್ಪಬೇಕು. ಕೋಠಿ ನಿಂತಿರುವ ತನಕ ಹುಟ್ಟಲಿರುವ ಮಕ್ಕಳಿಗೆ ರಾಜ್ಯದಲ್ಲಿ ಜಾಗವಿಲ್ಲ, ಆ ಜಾಗವನ್ನೆಲ್ಲ ಕೋಠಿಯೇ ನುಂಗುತ್ತದೆ ಎಂದ. ಹುಟ್ಟದವರು ಬಂದು ದೂರು ಹೇಳುವುದಿಲ್ಲವಲ್ಲ, ಕಟ್ಟು ಎಂದ ರಾಜ. ದೊರೆಗಳ ಬುದ್ಧಿ!

ಈರಬೊಮ್ಮನೆಂಬ ಬಡ ಯುವಕನ ಹೆಂಡತಿ ಹೊನ್ನಿಗೆ ದಿನ ತುಂಬಿ ಎಷ್ಟೋ ಕಾಲವಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಪುಟ್ಟವ್ವ ಹೊಟ್ಟೆ ಮುಟ್ಟಿ ನೋಡಿ, ಮಗು ಬರಲು ತಯಾರಿದೆ, ಬರಲು ಜಾಗವಿಲ್ಲ, ಹೀಗೇ ಆದರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಎಂದಳು.

ಈರಬೊಮ್ಮ ಕೋಠಿಗೆ ಓಡಿದ. ದವಸದ ಬಾಗಿಲಲ್ಲಿ ಮಾತಾಡುವ ಹಂದಿಯೊಂದು ಕಾವಲಿತ್ತು. ಏನು ಒಯ್ಯಲು ಬಂದೆ ಎಂದು ಕೇಳಿತು. ನನ್ನ ಮಗುವಿನ ಜಾಗ ಎಂದ. ಹಂದಿ ಅವನನ್ನು ಎತ್ತಿ ಎಸೆಯಿತು. ಅವನು ಕುಂಟುತ್ತ ಮನೆಗೆ ಬಂದ. ಪುಟ್ಟವ್ವ ಗದರಿದಳು.

"ಅಲ್ಲಿಗೆ ಹೋದವರೆಲ್ಲ ಕೈಚಾಚಿಕೊಂಡೇ ಹೋದರು ಕಣಪ್ಪ. ನೀನಾದರೂ ಏನಾದರೂ ಕೊಟ್ಟು ನೋಡು."

ಕೊಡಲು ಏನಿದೆ? ಮನೆಯಲ್ಲಿದ್ದದ್ದೆಲ್ಲ ಕೋಠಿಯದೇ. ಕೊನೆಗೆ ಒರಳಿನ ಸಂದಿಯಲ್ಲಿ ಸಿಕ್ಕಿದ್ದ ಹಳೆಯ ನವಣೆ ಕಾಳನ್ನು ಹಿತ್ತಲಲ್ಲಿ ಬಿತ್ತಿದ. ತೆನೆ ಬರುವವರೆಗೂ ಹೊನ್ನಿ ಹಲ್ಲು ಕಚ್ಚಿ ತಡೆದಳು. ಹಿಡಿ ನವಣೆಯನ್ನು ಹಂದಿಯ ಮುಂದೆ ಸುರಿದು, ಕೊಡಲು ಬಂದಿದ್ದೇನೆ ಎಂದ. ಹಂದಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಹಾಗೇ ನಿಂತು ಮಣ್ಣಾಯಿತು.

ಕೋಠಿ ಮಾತ್ರ ಅಲುಗಲಿಲ್ಲ, ಇನ್ನೂ ಎರಡು ಬಾಗಿಲುಗಳಿಗೆ ಕಾವಲಿತ್ತು. ಮರ ಬಂದು ಬೀಳುವ ಬಾಗಿಲಲ್ಲಿ ಕರಡಿಯಿತ್ತು. ಕಡಿದ ಕಾಡಿನಲ್ಲಿ ಉಳಿದಿದ್ದ ಬೊಡ್ಡೆಯೊಂದನ್ನು ಬೇರುಸಹಿತ ಅಗೆದು, ಸೌದೆ ಸೀಳಿ ಹೊತ್ತು ತಂದ. ಕೊಡಲು ಬಂದಿದ್ದೇನೆ ಎಂದ. ಕರಡಿಯೂ ಮಣ್ಣಾಯಿತು.

ಚಿನ್ನದ ಬಾಗಿಲಲ್ಲಿ ಸರ್ಪವಿತ್ತು. ಈರಬೊಮ್ಮ ಅಂಗೈ ಸುಲಿಯುವ ತನಕ ಹೊಳೆಯ ಮರಳು ಜಾಲಿಸಿದ. ಚೂರೂ ಸಿಗಲಿಲ್ಲ. ಅಷ್ಟರಲ್ಲಿ ಹೊನ್ನಿಗೆ ಕಣ್ಣು ತೆರೆಯುವ ಶಕ್ತಿಯೂ ಉಳಿದಿರಲಿಲ್ಲ. ಅವನಿಗೆ ತುಂಬ ಭಯವಾಯಿತು. ಬರಿಗೈಯಲ್ಲೇ ಸರ್ಪದ ಮುಂದೆ ಹೋಗಿ ನಿಂತ.

"ಚಿನ್ನ ಸಿಗಲಿಲ್ಲ," ಎಂದ. "ನನ್ನನ್ನೇ ಆಳಾಗಿ ಇಟ್ಟುಕೋ. ಸಾಯುವ ತನಕ ಇಲ್ಲೇ ದುಡಿಯುತ್ತೇನೆ."

ಹಾಗೆಂದವನೇ ಒಳಗೆ ಕಾಲಿಟ್ಟು, ಬಿದ್ದಿದ್ದ ಚಿನ್ನದ ಗಟ್ಟಿಯೊಂದನ್ನು ಎತ್ತಿ ಜೋಡಿಸಿದ. ತಾನೇ ದುಡಿಯುವ ಕೋಠಿಯಲ್ಲಿ ಒಬ್ಬ ಆಳು ದುಡಿದ ಮೇಲೆ ಅದು ತಾನೇ ದುಡಿಯುವ ಕೋಠಿ ಹೇಗಾದೀತು? ಮಂತ್ರ ಮುರಿಯಿತು. ಸರ್ಪ ಮಣ್ಣಾಯಿತು, ಗೋಡೆಗಳು ಕುಸಿದವು, ತಾಮ್ರಜಟ ಹಡಗಿನ ಸಮೇತ ಹೊಗೆಯಾದ.

ಈರಬೊಮ್ಮ ಮನೆ ತಲುಪುವ ಮೊದಲೇ ಅಳು ಕೇಳಿಸಿತು. ಹೆಣ್ಣುಮಗು. ಹೊನ್ನಿ ಎದ್ದು ಕೂತು ಗಂಜಿ ಕೇಳುತ್ತಿದ್ದಳು. ಪಕ್ಕದ ಮನೆಯಲ್ಲೂ ಅಳು, ಬೀದಿಯುದ್ದಕ್ಕೂ ಅಳು, ಅರಮನೆಯಲ್ಲೂ ಅಳು.

ತನ್ನ ಮಗನನ್ನೆತ್ತಿಕೊಂಡು ರಾಜ ಬೀದಿಗೆ ಬಂದ. ಇಷ್ಟು ಬಾಯಿಗಳಿಗೆ ಇನ್ನು ಯಾರು ಹಾಕುವವರು ಎಂದು ಈರಬೊಮ್ಮನನ್ನು ಕೇಳಿದ.

"ನಾವೇ, ಒಡೆಯಾ. ನೀವೂ ಬರಬೇಕು."

ರಾಜ ಮಗುವನ್ನು ರಾಣಿಗೆ ಕೊಟ್ಟು ಗುದ್ದಲಿ ಹಿಡಿದ. ಅಲ್ಲಿಂದ ಮುಂದೆ ಮರಳಕೋಟೆಯವರು ದುಡಿದು, ದಣಿದು, ಗೊಣಗಿ, ಮಕ್ಕಳ ಗಲಾಟೆಗೆ ನಿದ್ದೆಗೆಟ್ಟು, ಬಹುಕಾಲ ಸುಖವಾಗಿದ್ದರು.