ನಾಲ್ಕು ಸೆಂಟಿಮೀಟರ್ ನದಿ

ಬೆಳಿಗ್ಗೆ ಎರಡೂವರೆ ಮೀಟರ್ ಇದ್ದ ನದಿ, ತಿಂಡಿ ಮುಗಿಸಿ ಬರುವಷ್ಟರಲ್ಲಿ ನಾಲ್ಕು ಸೆಂಟಿಮೀಟರಿಗೆ ಇಳಿದಿದೆ ಎಂದು ಕಚೇರಿಯ ಪರದೆ ಹೇಳುತ್ತಿತ್ತು.

“ಅಷ್ಟು ಬೇಗ ಖಾಲಿಯಾಗೋಕೆ ಅದೇನು ಬಕೆಟ್ಟಾ?” ಎಂದರು ಚಿಕ್ಕಪ್ಪ, ನಿವೃತ್ತ ಎಂಜಿನಿಯರು.

“ನೀರಳೆಯೋ ಸೆನ್ಸರಿಗೆ ಎಲೆ ಅಂಟಿರಬೇಕು. ಒರೆಸಿ ಬನ್ನಿ,” ಎಂದರು ಸಾಹೇಬರು.

ಮೂವರ ದಂಡು ಹೊರಟಿತು: ಚಿಕ್ಕಪ್ಪ, ಅವರ ಅಣ್ಣನ ಮಗಳು ಪ್ರೋಗ್ರಾಮರ್ ಪುಟ್ಟಿ, ಹಗ್ಗ ಹೊತ್ತ ಲೈನ್‌ಮನ್. ಕಂದರದಲ್ಲಿರುವ ಅಳತೆಪೆಟ್ಟಿಗೆ, ನೀರು ಮೂರು ಮೀಟರ್ ದಾಟಿದರೆ ರೇಡಿಯೋ ಮೂಲಕ ಊರಿನ ಸೈರನ್ ಕೂಗಿಸಬೇಕು. ಅದು ಕೂಗಿದರಷ್ಟೇ ಹೊಳೆಬದಿಯ ಬೀದಿಯವರು ಗುಡ್ಡ ಹತ್ತುತ್ತಾರೆ. ಆ ಬೀದಿಯ ಕೊನೆಯ ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ ಇದ್ದರು.

ಕಾಡು ಏರುತ್ತ ಹೋದಂತೆ ಹಸಿರು ಕಪ್ಪಾಯಿತು. ಪಾಚಿ ಹೊದ್ದ ಬಂಡೆಗಳು ಮಲಗಿದ ಎಮ್ಮೆಗಳಂತೆ ದಾರಿಗಡ್ಡ ಕೂತಿದ್ದವು. ಮೇಲೆಲ್ಲೋ ಸುರಿದ ಮಳೆ ಬೇರುಗಳ ಸಂದಿಯಿಂದ ಸದ್ದಿಲ್ಲದೆ ಇಳಿಯುತ್ತಿತ್ತು. ಫೋನಿನ ಸಿಗ್ನಲ್ ಹೋಯಿತು. ಚಿಕ್ಕಪ್ಪನ ಉಪದೇಶ ಮಾತ್ರ ನಿಲ್ಲಲಿಲ್ಲ.

“ಕಂಪ್ಯೂಟರ್ ಅಂಕಿ ಇಡೋ ಬಿಟ್ಟು, ಬೈಟು ಗೊತ್ತಿಲ್ಲದೆ ಪ್ರೋಗ್ರಾಮ್ ಬರೀತೀಯಲ್ಲೇ.”

“ನಾನೆಲ್ಲಿ ಬರೀತೀನಿ? ಹೇಳಿದರೆ ಕಂಪ್ಯೂಟರೇ ಬರೆದುಕೊಡುತ್ತೆ.”

ನದಿ ಕಂಡಿತು. ಭೋರ್ಗರೆಯುತ್ತಿತ್ತು.

“ಫೋನಿಗೆ ಕೊನೆಗೆ ಬಂದ ಅಂಕಿ ಪ್ರಕಾರ ಪಾದವೂ ಪೂರ್ತಿ ನೆನೆಯಲ್ಲ,” ಎಂದಳು ಪುಟ್ಟಿ, ಸಣ್ಣ ದನಿಯಲ್ಲಿ.

“ಹಾಗಾದ್ರೆ ಮೊದಲು ಫೋನನ್ನೇ ದಾಟಿಸಿ, ಅಕ್ಕ,” ಎಂದ ಲೈನ್‌ಮನ್.

ಮೇಲ್ಗಡೆ ನದಿ ಹರವಾಗಿದ್ದಲ್ಲಿ ಹಗ್ಗ ಕಟ್ಟಿದರು. ನೀರು ಸೊಂಟ ಮುಟ್ಟಿತು. ಪುಟ್ಟಿ ಲ್ಯಾಪ್‌ಟಾಪನ್ನು ತಲೆಯ ಮೇಲೆ ಹೊತ್ತಳು.

ಚಿಕ್ಕಪ್ಪ ಜಾರಿದರು.

ಲೈನ್‌ಮನ್ ಕಾಲರ್ ಹಿಡಿದೆಳೆದ. ಚಿಕ್ಕಪ್ಪ ಬಂದರು, ಕನ್ನಡಕ ಬರಲಿಲ್ಲ.

ಪೆಟ್ಟಿಗೆ ತೆರೆದಾಗ ಎಲೆಯೂ ಇಲ್ಲ, ಗಿಲೆಯೂ ಇಲ್ಲ. ಅಂಕಿ ಈಗ ಐವತ್ತೆರಡು ಸೆಂಟಿಮೀಟರ್. ಪಕ್ಕದ ಕಂಬದಲ್ಲಿ ಮೂರು ಮೀಟರಿನ ಕೆಂಪು ಗೆರೆ ಮುಳುಗಿಹೋಗಿತ್ತು. ಸೈರನ್ ಕೂಗಿರಲಿಲ್ಲ. ಓಡಿಹೋಗಿ ಹೇಳೋಣವೆಂದರೆ ಊರು ಅರ್ಧ ದಿನದ ದಾರಿ. ಪುಟ್ಟಿ ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿ ಪ್ರೋಗ್ರಾಮ್ ತೆರೆದಳು.

“ಅಳತೆ ಇಡೋಕೆ ಎಷ್ಟು ಬಿಟ್ಟಿನ ಜಾಗ ಕೊಟ್ಟಿದ್ದಾರೆ ನೋಡು. ನನಗೆ ಎಲ್ಲ ಮಂಜು,” ಎಂದರು ಚಿಕ್ಕಪ್ಪ.

“ಎಂಟು.”

“ಅದರಲ್ಲಿ ಇನ್ನೂರೈವತ್ತೈದರ ತನಕ ಮಾತ್ರ ಹಿಡಿಯುತ್ತೆ. ಇನ್ನೊಂದು ಸೇರಿಸಿದರೆ ಮತ್ತೆ ಸೊನ್ನೆ. ಮೂರು ಮೀಟರ್ ಅಂದ್ರೆ ಮುನ್ನೂರು ಸೆಂಟಿಮೀಟರ್, ಅದನ್ನ ಈ ಪೆಟ್ಟಿಗೆ ಜನ್ಮದಲ್ಲಿ ಕಾಣಲ್ಲ. ಹದಿನಾರು ಮಾಡು.”

ಮಾಡಿದಳು. ಐವತ್ತೆರಡೇ.

ಚಿಕ್ಕಪ್ಪನ ಉಪದೇಶವೂ ತೀರಿತ್ತು. ಪುಟ್ಟಿಯ ಬೆರಳು ಅಭ್ಯಾಸಬಲದಿಂದ ಕಂಪ್ಯೂಟರನ್ನು ಕೇಳಲು ಹೋಯಿತು. ಇಂಟರ್‌ನೆಟ್ ಎಲ್ಲಿಂದ ಬರಬೇಕು. ಚಿಕ್ಕಮ್ಮನ ಮುಖ ನೆನಪಾಯಿತು. ಮೊದಲ ಸಾಲಿನಿಂದ ತಾನೇ ಓದತೊಡಗಿದಳು, ಅಂಕಿಯನ್ನು ಕೈಹಿಡಿದು ನಡೆಸುವಂತೆ: ಅಳೆಯುವಲ್ಲಿ ಸರಿ, ಇಡುವಲ್ಲಿ ಸರಿ...

“ಇಲ್ಲಿದೆ, ಚಿಕ್ಕಪ್ಪ. ಮುನ್ನೂರರ ಜೊತೆ ಹೋಲಿಸೋ ಮೊದಲು ಮತ್ತೆ ಎಂಟು ಬಿಟ್ಟಿನ ಡಬ್ಬಿಗೇ ಸುರೀತಿದೆ.”

ಬದಲಿಸಿದಳು. ಮುನ್ನೂರ ಒಂಬತ್ತು. ಸೈರನ್ ಕೂಗಿತೆಂದು ಹೇಳುವ ಕೆಂಪು ದೀಪ ಹೊತ್ತಿಕೊಂಡಿತು.

ಮರಳುವಾಗ ದಿಣ್ಣೆಯ ಮೇಲೆ ಪುಟ್ಟಿಯ ಫೋನ್ ಹೊಡೆದುಕೊಂಡಿತು. “ಸೈರನ್ ಕೂಗಿಸಿದ್ದು ಯಾರೇ? ನೆನೆಹಾಕಿದ ಬಟ್ಟೆ ಹಾಗೇ ಬಿಟ್ಟು ಗುಡ್ಡ ಹತ್ತಿದೀನಿ,” ಎಂದರು ಚಿಕ್ಕಮ್ಮ.

“ನಾನೇ.”

ಚಿಕ್ಕಮ್ಮನ ದನಿ ತಗ್ಗಿತು. “ನೀರು ಕಿಟಕಿ ತನಕ ಬಂದಿದೆ ಕಣೆ. ಎಲ್ಲರೂ ಮೇಲಿದೀವಿ. ಚಿಕ್ಕಪ್ಪಂಗೆ ಈಗಲೇ ಹೇಳಬೇಡ, ಅವರ ಬಿಟ್ಟು-ಬೈಟಿನ ಪುಸ್ತಕ ಎಲ್ಲ ಕೆಳಗೇ ಉಳೀತು.”

“ಏನಂತೆ?” ಎಂದರು ಚಿಕ್ಕಪ್ಪ, ಕನ್ನಡಕವಿಲ್ಲದೆ ಅವಳ ಭುಜ ಹಿಡಿದು ದಾರಿ ತಡಕುತ್ತ.

“ಎಲ್ಲರೂ ಕ್ಷೇಮವಂತೆ,” ಎಂದಳು ಪುಟ್ಟಿ. “ಬಟ್ಟೆ ಮಾತ್ರ ಚೆನ್ನಾಗಿ ನೆಂದಿದೆಯಂತೆ.”