ಕಾಂಠಾಬಂದರ್ ದೀಪಸ್ತಂಭದ ದಿನಚರಿ

ಗಾಜಿನ ಕಪಾಟಿನ ಬೀಗ ಹಾಗೇ ಇತ್ತು. ದಿನಚರಿ ಪುಸ್ತಕವೂ ಒಳಗೇ ಇತ್ತು. ಆದರೆ ೧೯೩೧ರ ಜೂನ್ ಹನ್ನೆರಡರ ಹಾಳೆ ಮಾತ್ರ ಮಾಯ. ಯಾರೋ ಅದನ್ನು ಬ್ಲೇಡಿನಿಂದ ಬುಡದಲ್ಲೇ ಕತ್ತರಿಸಿದ್ದರು.

ಸೂರತ್ತಿನ ಅಡಾಜಣ್ ಬಡಾವಣೆಯಿಂದ ಶಕುಂತಲಾ ಬಂದಿಳಿದಾಗ ದೀಪಸ್ತಂಭದ ಗೇಟಿನ ಹೊರಗೆ ಐವತ್ತು ಜನ ಸೇರಿದ್ದರು. "ಆ ಹೆಂಗಸನ್ನು ಹೊರಗೆ ಕಳಿಸಿ!" ಎಂದು ಅರಚುತ್ತಿದ್ದರು. ಯಾರೋ ಅವಳ ಜೀಪಿನ ಮೇಲೂ ಕಲ್ಲು ಎಸೆದರು.

ಮೂಲತಃ ಧಾರವಾಡದ ಶಕುಂತಲಾ ವಿಮಾ ಸರ್ವೇಯರ್. ಹಡಗು, ಸರಕುಗಳ ನಷ್ಟದ ಹಿಂದಿನ ಸುಳ್ಳು ಹೆಕ್ಕುವುದೇ ಕೆಲಸ. ಕೆಲಸ ನಿಲ್ಲಿಸಿ ನಾಲ್ಕು ದಶಕವಾದ ಆ ದೀಪಸ್ತಂಭವನ್ನು ಪಾರಂಪರಿಕ ಕಟ್ಟಡವಾಗಿ ಉಳಿಸಿಕೊಂಡಿದ್ದರು. ಮರುದಿನ, ೨೦೦೩ರ ಗಣರಾಜ್ಯೋತ್ಸವದಂದು, ಅಲ್ಲಿ ವಸ್ತುಸಂಗ್ರಹಾಲಯ ತೆರೆಯಬೇಕಿತ್ತು. ಒಳಗಿನ ವಸ್ತುಗಳಿಗೆ ವಿಮೆ ಅವಳ ಕಂಪನಿಯದು.

ಮಾಯವಾದ ಹಾಳೆಯ ಕಥೆ ಊರಿಗೆಲ್ಲ ಗೊತ್ತು. ಆ ರಾತ್ರಿ ತಿರುಗುತ್ತ ಮಿನುಗಬೇಕಾದ ಬೆಳಕು ನಿಂತಲ್ಲೇ ಉರಿಯಿತು. ಬೇರೆ ಬಂದರಿನ ದೀಪವೆಂದು ನಂಬಿದ ದೋಣಿಯೊಂದು ಮರಳುದಿಬ್ಬಕ್ಕೆ ಬಡಿದು ಹತ್ತೊಂಬತ್ತು ಮಂದಿ ಸತ್ತರು. 'ಪಹರೆಯಲ್ಲಿದ್ದ ಸಹಾಯಕ ಗೋವನ್ ತಾಂಡೇಲ್ ನಿದ್ದೆ ಹೋಗಿದ್ದ' ಎಂದು ಮುಖ್ಯ ದೀಪಪಾಲಕ ಬರೆದಿಟ್ಟ. ಗೇಟಿನ ಬಳಿ ಕೂಗುತ್ತಿದ್ದವರು ಸತ್ತವರ ಮೊಮ್ಮಕ್ಕಳು. ಹಾಳೆ ಕತ್ತರಿಸಿದವಳು ಇವಳೇ ಎಂದು ಅವರು ಹೊರಗೆ ಕರೆಯುತ್ತಿದ್ದದ್ದು ಗೋವನ್‌ನ ಮೊಮ್ಮಗಳು ಸಾವಿತ್ರಿಯನ್ನು.

ಸಂಗ್ರಹಾಲಯದ ಮೇಲ್ವಿಚಾರಕ ಭೀಮಸೇನ ವಿಜಾಪುರದವನು. ಶಕುಂತಲಾಳ ಕನ್ನಡ ಕೇಳಿದ್ದೇ ಅವನಿಗೆ ಸ್ವಲ್ಪ ಧೈರ್ಯ ಬಂತು.

"ಕಪಾಟು ಯಾರು ತಗದ್ರು?"

"ನಾನ ರೀ. ನಿನ್ನೆ ಸಾವಿತ್ರಿಬೆನ್ ಬಂದು, ಅಜ್ಜನ ಹೆಸರು ನೋಡಬೇಕು ಅಂದ್ರು. ಪುಸ್ತಕ ಕೊಟ್ಟು ನೀರು ತರಾಕ ಹೋದೆ. ಹತ್ತು ನಿಮಿಷ ರೀ, ಅಷ್ಟ."

"ತಿರುಗಿ ಇಡೋ ಮುಂದ ಹಾಳೆ ನೋಡಿದ್ರೇನು?"

"ಇಲ್ರೀ… ಹಂಗ ಇಟ್ಟು ಕೀಲಿ ಹಾಕಿದೆ."

"ಇನ್ನೊಂದು ಕೀಲಿ?"

"ಸಮಿತಿ ಅಧ್ಯಕ್ಷರ ಹತ್ರ ಐತಿ."

ಮೂಲೆಯ ಬೆಂಚಿನಲ್ಲಿ ಸಾವಿತ್ರಿ ಕೂತಿದ್ದಳು. ಮೀನು ಮಾರುವ ಗಟ್ಟಿಮುಟ್ಟಾದ ಹೆಂಗಸು. ಹಣೆಯ ಮೇಲೆ ಕಲ್ಲೇಟಿನ ರಕ್ತ. ಶಕುಂತಲಾ ಹಿಂದಿಯಲ್ಲಿ ಕೇಳಿದಳು: "ಹಾಳೆ ಕತ್ತರಿಸಿದ್ದು ನೀವೇನಾ?"

"ಕತ್ತರಿಸಿ ಏನು ಮಾಡಲಿ? ಅದರ ಜೆರಾಕ್ಸನ್ನು ಇವರು ಊರಿನ ಗೋಡೆಗೋಡೆಗೂ ಅಂಟಿಸಿದ್ದಾರೆ. ನೀನೂ ಅವರ ಕಡೆಯವಳೇ ತಾನೆ? ಬರೆದುಕೊಂಡು ಹೋಗು!"

ಸಂಗ್ರಹಾಲಯ ಸಮಿತಿಯ ಅಧ್ಯಕ್ಷ ಉಮಾಕಾಂತ ದೇಸಾಯಿ ಕುರ್ಚಿ ಕೊಡುವ ಮರ್ಯಾದೆಯನ್ನೂ ತೋರಲಿಲ್ಲ. ಅವನು ಆ ಮುಖ್ಯ ದೀಪಪಾಲಕನ ಮೊಮ್ಮಗ. ನಾಳೆ ಅಜ್ಜನ ಭಾವಚಿತ್ರದ ಅನಾವರಣವೂ ಇತ್ತು.

"ಮೇಡಂ, ಹೊರಗಿನವರಿಗೆ ನಮ್ಮ ಊರಿನ ವಿಷಯ ತಿಳಿಯುವುದಿಲ್ಲ. ನಿಮ್ಮ ವರದಿಗೆ ಸಹಿ ಹಾಕಿ ಹೊರಡಿ."

"ಪುಸ್ತಕವನ್ನು ನೀವು ಕೊನೆಯ ಸಲ ಮುಟ್ಟಿದ್ದು ಯಾವಾಗ?"

"ವರ್ಷದ ಮೇಲಾಯಿತು. ಎರಡು ಹಾಳೆ ಕಿತ್ತರೆ ಅಜ್ಜನ ಪಾಪ ತೊಳೆದುಹೋಗುತ್ತದೆ ಅಂದುಕೊಂಡಿದ್ದಾಳೆ ಇವಳು! ಪೊಲೀಸರಿಗೆ ಫೋನ್ ಮಾಡಿದ್ದೇನೆ."

ಶಕುಂತಲಾ ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಮೊದಲ ಪುಟದಿಂದ ತಿರುವತೊಡಗಿದಳು. ಅರ್ಧ ಗಂಟೆಯಾಯಿತು. ಹೊರಗೆ ಕೂಗು ಏರುತ್ತಿತ್ತು. ಪುಟ ನಲವತ್ತರಲ್ಲಿ ಅವಳ ಬೆರಳು ನಿಂತಿತು. ಬ್ಯಾಗಿನಿಂದ ಪೌಡರ್ ಡಬ್ಬಿಯ ಕನ್ನಡಿ ತೆಗೆದು ಹಾಳೆಗೆ ಹಿಡಿದಳು. ಆಮೇಲೆ ಭೀಮಸೇನನನ್ನು ಕರೆದು ಕೇಳಿದಳು:

"ಈ ಪುಸ್ತಕದ ಎಲ್ಲಾ ಪುಟ ಯಾರರೆ ಓದ್ಯಾರೇನು?"

"ಎಲ್ಲಾ ಪುಟದ ಫೋಟೋ ತಗೀಬೇಕಂತ ಮೊನ್ನೆ ಸಮಿತಿ ಸಭಾದಾಗ ಠರಾವು ಆತು ರೀ. ಅಲ್ಲೀ ತನಕ ಜೂನಿನ ಪುಟ ಬಿಟ್ಟು ಬ್ಯಾರೆ ಪುಟ ಯಾರೂ ಓದಿದ್ದಿಲ್ಲ."

ಇನ್ಸ್‌ಪೆಕ್ಟರ್ ಒಳಗೆ ಬರುತ್ತಲೇ ಸಾವಿತ್ರಿಯ ಕಡೆ ನಡೆದ. ಶಕುಂತಲಾ ಅಡ್ಡ ನಿಂತಳು.

"ಒಂದು ನಿಮಿಷ. ಜೂನ್ ಹನ್ನೆರಡರ ಹಾಳೆ ಕತ್ತರಿಸಿದರೆ ಇವರಿಗೆ ಲಾಭವಿಲ್ಲ, ಅದು ಊರೆಲ್ಲ ಬಾಯಿಪಾಠ. ಅನುಮಾನ ಇವರ ಮೇಲೆ ಬರಲಿ ಎಂದೇ ಅದನ್ನು ಕತ್ತರಿಸಿದ್ದು. ಪುಟಗಳ ಫೋಟೋ ತೆಗೆಯುವ ಮೊದಲೇ ಕಳ್ಳನಿಗೆ ಮಾಯ ಮಾಡಬೇಕಿದ್ದದ್ದು ಬೇರೆ ಹಾಳೆ. ಪುಟದ ಸಂಖ್ಯೆ ನೋಡಿ — ನಲವತ್ತಾದ ಮೇಲೆ ನಲವತ್ತಮೂರು!"

"ಹಳೆಯ ಪುಸ್ತಕ, ಹಾಳೆ ಉದುರಿರಬಹುದು," ಎಂದ ಉಮಾಕಾಂತ.

"ಉದುರಿದ್ದಲ್ಲ, ಬ್ಲೇಡಿನ ಗುರುತಿದೆ. ಕತ್ತರಿಸಿದ ಹಾಳೆಯ ಶಾಯಿ ಕಡಲಿನ ತೇವಕ್ಕೆ ಒಣಗದೆ ಎದುರಿನ ನಲವತ್ತನೇ ಪುಟಕ್ಕೆ ತಿರುವುಮುರುವಾಗಿ ಅಂಟಿಕೊಂಡಿದೆ. ಕನ್ನಡಿಯಲ್ಲಿ ಓದಿ. 'ಮೇ ಇಪ್ಪತ್ತು. ದೀಪ ತಿರುಗಿಸುವ ತೂಕದ ಹಗ್ಗ ಸವೆದಿದೆ, ಹೊಸದು ಬೇಕೆಂದು ತಾಂಡೇಲ್ ಮೂರನೆಯ ಸಲ ಕೇಳಿದ. ಅಗತ್ಯವಿಲ್ಲವೆಂದೆ.' ಕೆಳಗೆ ಮುಖ್ಯ ದೀಪಪಾಲಕರ ಸಹಿ. ಜೂನ್ ಹನ್ನೆರಡರ ರಾತ್ರಿ ದೀಪ ತಿರುಗದೆ ನಿಂತದ್ದು ಈ ಹಗ್ಗ ಹರಿದೇ, ಗೋವನ್‌ನ ನಿದ್ದೆಯಿಂದಲ್ಲ."

ಶಕುಂತಲಾ ಪುಸ್ತಕ ಮುಚ್ಚಿ ಉಮಾಕಾಂತನತ್ತ ತಿರುಗಿದಳು.

"ಒಂದೇ ಹಾಳೆ ಹೋಗಿದೆ ಎಂದು ಎಲ್ಲರೂ ನಂಬಿದ್ದರು, ನಾನೂ. ದೇಸಾಯಿಯವರೇ, ಎರಡು ಹಾಳೆ ಅಂದದ್ದು ನೀವೊಬ್ಬರೇ. ಕೀಲಿಯೂ ನಿಮ್ಮ ಬಳಿ ಇತ್ತು. ಹೇಗೆ ಗೊತ್ತಾಯಿತು?"

"ಅಜ್ಜನ ಹೆಸರು ಉಳಿಯಲಿ ಅಂತ…" ಎಂದು ಉಮಾಕಾಂತ ಗೋಡೆಗೆ ಒರಗಿದ. ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದ.

ಭೀಮಸೇನ ಸಾವಿತ್ರಿಯ ಮುಂದೆ ಕೈಮುಗಿದು, ನಾಳೆಯ ಸಮಾರಂಭಕ್ಕೆ ಬರಬೇಕೆಂದು ಗುಜರಾತಿಯಲ್ಲಿ ಬೇಡಿಕೊಂಡ. ಅವಳು ಅವನತ್ತ ತಿರುಗಲೂ ಇಲ್ಲ.

"ನಮ್ಮಜ್ಜ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಈ ಊರಿನಲ್ಲಿ ನಾಲ್ಕು ಜನ ಬರಲಿಲ್ಲ," ಎಂದು ಶಕುಂತಲಾಳಿಗೆ ಹೇಳಿದಳು. "ನಾಳೆಯಲ್ಲ, ಈಗಲೇ ಗೇಟು ತೆಗೆಸು. ಆ ಪುಸ್ತಕ ತಾ. ಕಲ್ಲು ಹಿಡಿದು ನಿಂತಿದ್ದಾರಲ್ಲ, ಅವರ ಮುಂದೆ ನಿಂತು ಆ ಮೇ ಇಪ್ಪತ್ತರ ಮಾತನ್ನು ಗಟ್ಟಿಯಾಗಿ ಓದು."